ಅರ್ಧ ಕಿವಿಯವಳ ತಂತಿ

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು. ಜಮಖಂಡಿಯ ದೊಡ್ಡ ಸೌಂಡ್ ಅಂಗಡಿಯಲ್ಲಿ, ಮೆಕ್ಯಾನಿಕ್ ಅಂತ, ಬರುವ ಸೋಮವಾರದಿಂದ. ಅವಳೇ ಕೈಯಾರೆ ಬೆಸೆದು ಕೂಡಿಸಿದ ಲೈನ್ ಡ್ರೈವರ್ ಪೆಟ್ಟಿಗೆ ಅಷ್ಟೂ ಮಂದಿಯ ಮುಂದೆ ಪಾಸಾಯಿತು. ಅವಳನ್ನು ಕೆಪ್ಪಿ ಎಂದು ಕರೆದು ನಕ್ಕ ಮಾಲೀಕ ಅದೇ ಬಾಯಿಂದ ಬಾ ಎಂದ.

ಈ ಸುದ್ದಿಯನ್ನು ನಾನು ಯಾರಿಗೆ ಹೇಳಿಲ್ಲ ಎಂದು ಕೇಳಬೇಕು. ಬನಹಟ್ಟಿಗೆ ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದೆ. ಅವನು ಚಿಲ್ಲರೆ ಕೊಡುವುದನ್ನು ಮರೆತ, ನಾನು ಕೇಳುವುದನ್ನು ಮರೆತೆ. ಸ್ಟ್ಯಾಂಡಿನಿಂದ ಮನೆಗೆ ಬಂದ ಆಟೋದವನಿಗೆ ಹೇಳಿದೆ. ನೂಲಿನ ಅಂಗಡಿಯ ಮುಂದೆ ಗಂಟು ಹೊತ್ತು ನಿಂತಿದ್ದ ಹಮಾಲನನ್ನು ತಡೆದು ಹೇಳಿದೆ. ಪಾಪ, ಅವನು ಬೆನ್ನ ಮೇಲಿನ ಭಾರ ಇಳಿಸದೆಯೇ ಪೂರ್ತಿ ಕೇಳಿದ. ನಾನು ಸಾಲಿ ಕಲಿತದ್ದು ಮೂರನೆಯ ಇಯತ್ತೆಯವರೆಗೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಆದರೂ ಬರೆಯುತ್ತೇನೆ. ಹೇಳಿ ಹೇಳಿ ಬಾಯಿ ಸೋತಿತು, ಎದೆ ಇನ್ನೂ ತುಂಬಿಯೇ ಇದೆ.

ಇವಳು ನನ್ನ ಮಗನ ಮಗಳು. ಹಾಲು ಹಲ್ಲು ಬೀಳುವ ಮೊದಲೇ ಜ್ವರವೊಂದು ಬಂದು ಅವಳ ಬಲಗಿವಿಯನ್ನು ಪೂರಾ ತಿಂದು ಎಡಗಿವಿಯನ್ನು ಅರ್ಧ ಉಳಿಸಿ ಹೋಯಿತು. ನಮಗೆ ಅದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಹೊರಗಿನವರಿಗೆ ಇದು ನಂಬಲಾಗದ ಮಾತು. ಆದರೆ ನಮ್ಮ ಓಣಿಗೆ ಬಂದು ನೋಡಿರಿ. ಮನೆಗೆ ಹತ್ತಿಯೇ ಮಗ್ಗದ ಕೋಣೆ, ಬೆಳಗಾದರೆ ಖಟಪಟ ಶುರು. ಆ ಸಪ್ಪಳದಲ್ಲಿ ಯಾರೂ ಯಾರ ಮಾತನ್ನೂ ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಚಹಾ ಬೇಕೋ, ಎಳೆ ಹರಿಯಿತೋ, ಯಾರ ಮನೆಯಲ್ಲಿ ಸತ್ತರೋ, ಎಲ್ಲವೂ ತುಟಿಯಲ್ಲಿ, ಕೈಯಲ್ಲಿ. ಕೂಸೂ ನಮ್ಮೊಂದಿಗೆ ತುಟಿ ನೋಡುವುದನ್ನು ಕಲಿಯಿತು. ನಾವು ಶಾಣ್ಯಾ ಕೂಸು ಎಂದು ಹಿಗ್ಗಿದೆವು. ಸಾಲಿಗೆ ಹಾಕಿದ ಮೇಲೆ, ಸಪ್ಪಳವಿಲ್ಲದ ಕೋಣೆಯಲ್ಲಿ, ಮಾಸ್ತರರು ಗೋಡೆಯ ಕರಿ ಫಳಿಯ ಕಡೆಗೆ ಮುಖ ಮಾಡಿ ಹೇಳಿದ್ದು ಒಂದೂ ಅವಳಿಗೆ ತಿಳಿಯಲಿಲ್ಲ. ಆಗ ಹೊರಬಿತ್ತು.

ಹೊರಬಿದ್ದ ದಿನದಿಂದ ಅವಳ ಹೆಸರು ಹೋಯಿತು. ಕೆಪ್ಪಿ ಎಂಬುದೊಂದೇ ಉಳಿಯಿತು. ಕರೆದವರು ಯಾರು? ಮಗ್ಗದ ಮುಂದೆ ನಿಂತು ನಿಂತು ತಮ್ಮ ಕಿವಿಗಳನ್ನೂ ಕಳೆದುಕೊಂಡ ನಮ್ಮದೇ ಮಂದಿ. ಟಿವಿಯ ದನಿಯನ್ನು ಓಣಿಗೆಲ್ಲ ಕೇಳುವಂತೆ ಏರಿಸುವವರು, ಅವಳು ಒಮ್ಮೆ "ಏನು?" ಎಂದು ಕೇಳಿದರೆ ಹಲ್ಲು ಕಿಸಿಯುತ್ತಿದ್ದರು.

ದೊಡ್ಡವಳಾದ ಮೇಲೆ ಮುಧೋಳದ ಕಡೆಯಿಂದ ಹೆಣ್ಣು ನೋಡಲು ಬಂದರು. ನನ್ನ ಸೊಸೆ ಅವಳ ಎಡಗಿವಿಗೆ ಹಾಕಿದ್ದ ಕೇಳುವ ಯಂತ್ರ ತೆಗೆಸಿ, ಕೂದಲು ಮುಂದಕ್ಕೆ ಬಾಚಿ ಕೂರಿಸಿದ್ದಳು. ಹುಡುಗನ ತಾಯಿಗೆ ಯಾರೋ ಚಾಡಿ ಹೇಳಿದ್ದರು. ಆಕೆ ನೀರು ಕುಡಿಯುವ ನೆವ ಹೇಳಿ ಎದ್ದು, ಹುಡುಗಿಯ ಬೆನ್ನ ಹಿಂದೆ ಹೋಗಿ, ಚಮಚವೊಂದನ್ನು ನೆಲಕ್ಕೆ ಬಿಟ್ಟಳು. ಇವಳು ಹೊರಳಲಿಲ್ಲ. ಆಮೇಲೆ ಸ್ಟೀಲ್ ತಾಟು ಬಿಟ್ಟಳು. ನೆಲ ನಡುಗಿದ್ದು ಕಾಲಿಗೆ ತಿಳಿದು ಇವಳು ಹೊರಳಿದಳು. ಆಕೆ ಗಂಡನಿಗೆ ಹೇಳಿದ ಮಾತು ಈಗಲೂ ನನ್ನ ಎದೆಯಲ್ಲಿ ಮುರಿದ ಮುಳ್ಳು:

"ತಾಟಿಗೆ ಹೊಳ್ಳತೈತಿ, ಚಮಚಕ್ಕ ಹೊಳ್ಳೂದಿಲ್ಲ."

ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡಿದವರ ಹಾಗೆ. ಹೇಳಿ, ಕೂತು, ಉಪ್ಪಿಟ್ಟು ಮುಗಿಸಿ, ಚಹಾ ಕುಡಿದು ಹೋದರು. ಮೊಮ್ಮಗಳು ನೆಲದ ಮೇಲಿನ ತಾಟು, ಚಮಚ ಎತ್ತಿ ತೊಳೆದಿಟ್ಟಳು.

ಅವಳು ಅಳುವವಳಲ್ಲ. ಜಮಖಂಡಿಗೆ ದಿನಾ ಬಸ್ಸಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಳು. ಅಟ್ಟದ ಮೂಲೆಯಲ್ಲಿ ಟೇಬಲ್ ಹಾಕಿಕೊಂಡು ಊರಿನವರ ಕೆಟ್ಟ ಟಿವಿ, ಭಜನಿ ಮಂಡಳಿಯವರ ಆಂಪ್ಲಿಫೈಯರ್ ರಿಪೇರಿ ಮಾಡತೊಡಗಿದಳು. ಹಳೆಯದೊಂದು ಆಸಿಲೋಸ್ಕೋಪ್ ತಂದಿಟ್ಟುಕೊಂಡಳು. ಸಣ್ಣ ತೆರೆಯ ಪೆಟ್ಟಿಗೆ ಅದು. ತಂತಿಯೊಳಗೆ ಓಡುವುದನ್ನು ಹಸಿರು ಗೆರೆಯಾಗಿ ತೋರಿಸುತ್ತದೆ. ಸಪ್ಪಳ ಕೇಳಿಸದವಳು ಸಪ್ಪಳದ ಸಾಮಾನು ರಿಪೇರಿ ಮಾಡುತ್ತಾಳೆಂದು ಓಣಿಯವರು ಕುಚೇಷ್ಟೆ ಮಾಡಿದರು. ನಾನೂ ಒಮ್ಮೆ ಕೇಳಿದೆ, ಹೆಂಗ ತಿಳಿತೈತಿ ಯವ್ವಾ ಎಂದು. ತೆರೆಯ ಮೇಲೆ ಬೆರಳಿಟ್ಟಳು.

"ಮುತ್ಯಾ, ನೀವು ಕೇಳೂದನ್ನ ನಾ ನೋಡತೀನಿ. ಕಿವಿಗೆ ಸುಳ್ಳ ಹೇಳಬಹುದು, ಈ ಗೆರಿಗೆ ಸುಳ್ಳ ಬರೂದಿಲ್ಲ."

ಇಷ್ಟರಲ್ಲಿ ನಮ್ಮ ಮಗ್ಗ ನೋಡಿಕೊಳ್ಳುತ್ತಿದ್ದ ಆಳು ಬಿಟ್ಟುಹೋದ. ನನ್ನ ಮಗ ಒಬ್ಬನ ಕೈಯಲ್ಲಿ ಆಗದು, ನನ್ನ ಮೊಣಕಾಲಿಗೆ ಬಲ ಇಲ್ಲ. ಅವನು ಮಗಳನ್ನು ಮಗ್ಗದ ಮುಂದೆ ನಿಲ್ಲಿಸುತ್ತೇನೆ ಎಂದ. ಜಮಖಂಡಿಯ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಉಳಿದ ಅರ್ಧ ಕಿವಿ ಉಳಿಯಬೇಕಾದರೆ ಇವಳನ್ನು ಮಗ್ಗದ ಸಪ್ಪಳಕ್ಕೆ ಬಿಡಬೇಡಿ, ಬಿಟ್ಟರೆ ಅದೂ ಹೋಗುತ್ತದೆ. ನಾನು ಅದನ್ನು ನೆನಪಿಸಿದೆ. ಮಗ ತಲೆ ಎತ್ತದೆ ಎಳೆ ಕೂಡಿಸುತ್ತಲೇ ಹೇಳಿದ:

"ಕೆಪ್ಪಿಗೆ ಮಗ್ಗದ ಸಪ್ಪಳ ಏನ ತ್ರಾಸ ಕೊಡತೈತಪಾ? ಆಕಿಗೆಂತಾನ ಮಾಡಿದ ಕೆಲಸ ಇದು. ಇರೂ ಅರ್ಧ ಕಿವಿ ತಗೊಂಡು ಆಕಿ ಯಾವ ರಾಜ್ಯ ಆಳಬೇಕಾಗೈತಿ?"

ಅವಳು ಬಾಗಿಲಲ್ಲೇ ಇದ್ದಳು. ಕೇಳಿಸಲಿಲ್ಲ, ಆದರೆ ತುಟಿ ಕಾಣುತ್ತಿತ್ತು. ಹೊರಗೆ ಕೆಲಸ ಹಿಡಿದರೆ ನಿನ್ನ ಮಗ್ಗದ ಕಡೆ ಬರಲೇಬೇಕೇನು ಎಂದು ಕೇಳಿದಳು. ಹಿಡಿದು ತೋರಿಸು, ಆಮೇಲೆ ಮಾತಾಡು ಎಂದ. ಹಾಗೆ ಅವಳ ಅರ್ಧ ಕಿವಿ ಒಂದು ನೌಕರಿಗೆ ಜೋತುಬಿತ್ತು.

ಜಮಖಂಡಿಯ ಆ ಅಂಗಡಿಯವರು ಮದುವೆಗೆ, ಸಭೆಗೆ, ಪ್ರವಚನಕ್ಕೆ ಸ್ಪೀಕರ್ ಕಟ್ಟುವವರು. ಈಚೆಗೆ ಅವರು ಮೈಕುಗಳ ದನಿ ಕೂಡಿಸುವ ಹೊಸ ಡಿಜಿಟಲ್ ಮಿಕ್ಸರ್ ತಂದಿದ್ದರು. ಅದರಲ್ಲಿ ದನಿ ದನಿಯಾಗಿ ಹೋಗುವುದಿಲ್ಲವಂತೆ. ಸೊನ್ನೆ, ಒಂದು, ಸೊನ್ನೆ, ಒಂದು ಎಂದು ಅಂಕಿಗಳಾಗಿ ತಂತಿಯೊಳಗೆ ಓಡಿ, ವೇದಿಕೆಯ ಹಿಂದಿನ ಆಂಪ್ಲಿಫೈಯರಿನ ಹತ್ತಿರ ತಿರುಗಿ ದನಿಯಾಗುತ್ತದಂತೆ. ಮಿಕ್ಸರ್ ಇಡುವುದು ಮಂದಿಯ ನಡುವೆ, ವೇದಿಕೆ ಅಷ್ಟು ದೂರ. ಅಂಕಿಗಳನ್ನು ಆ ಉದ್ದನೆಯ ತಂತಿಯೊಳಗೆ ತಳ್ಳುವುದಕ್ಕೆ ಒಂದು ಸಣ್ಣ ಪೆಟ್ಟಿಗೆ ಬೇಕು. ಅದೇ ಲೈನ್ ಡ್ರೈವರ್. ಅಂಗಡಿಯ ಮೆಕ್ಯಾನಿಕ್, ಬೀಳಗಿಯ ಕಡೆಯ ಹಳಬ, ತಾನೇ ಒಂದು ಮಾಡಿ ಇಟ್ಟಿದ್ದ. ಆದರೆ ತುಬಚಿಯಲ್ಲಿ ರೈತರ ಸಭೆಗೆ ಕಟ್ಟಿದಾಗ ಭಾಷಣ ನಡುನಡುವೆ ಟಿಕ್ ಟಿಕ್ ಎಂದು ಕಡಿದು ಬೀಳತೊಡಗಿತು. ಹೇಳುವವರು ಅತ್ತ ಬಾಯಿ ಆಡಿಸುತ್ತಿದ್ದರು, ಇತ್ತ ಅರ್ಧ ಮಾತು ತಂತಿ ನುಂಗುತ್ತಿತ್ತು. ಮಂದಿ ಸಿಳ್ಳು ಹೊಡೆದರು. ಮಾಲೀಕನಿಗೆ ಮುಖ ಎತ್ತಲು ಆಗಲಿಲ್ಲವಂತೆ.

ಇದನ್ನು ಕೇಳಿ ಮೊಮ್ಮಗಳು ನನ್ನನ್ನು ಕರೆದುಕೊಂಡು ಆ ಅಂಗಡಿಗೆ ಹೋದಳು. ಮಾಲೀಕ ಅವಳ ಕಿವಿಯ ಯಂತ್ರ ನೋಡಿದ, ನಂತರ ಅಂಗಡಿಯಲ್ಲಿ ಕೂತವರನ್ನು ನೋಡಿದ, ನಗೆ ಬರುವಂತೆ ಹೇಳಿದ:

"ಕಣ್ಣಿಲ್ಲದಾಂವ ಗಾಡಿ ಹೊಡಿಯಾಂವ, ಕಿವಿ ಇಲ್ಲದಾಕಿ ಮೈಕಿನ ಮೆಕ್ಯಾನಿಕ್ಕು. ಇನ್ನ ಮೂಕ ಒಬ್ಬಾಂವ ಸಿಕ್ಕರ ಅನೌನ್ಸ್ ಮಾಡಾಕ ಇಟ್ಕೊಂಡ ಬಿಡತೀನಿ."

ಎಲ್ಲರೂ ನಕ್ಕರು. ಮೆಕ್ಯಾನಿಕ್ ಎಲ್ಲರಿಗಿಂತ ಹೆಚ್ಚು ನಕ್ಕ. ಮೊಮ್ಮಗಳು ನಗು ಮುಗಿಯುವವರೆಗೆ ಕಾದು, ನಿಮ್ಮ ತಂತಿಯ ರೋಗ ನನಗೆ ಗೊತ್ತು, ಸರಿಮಾಡಿ ಕೊಟ್ಟರೆ ಕೆಲಸ ಕೊಡುತ್ತೀರೇನು ಎಂದಳು. ಮಾಲೀಕನಿಗೆ ಮೋಜು ಸಿಕ್ಕಿತು. ಊರ ಹೊರಗಿನ ತನ್ನ ಗೋದಾಮಿನ ಬಯಲಲ್ಲಿ ಎಲ್ಲ ಕಟ್ಟಿಸುತ್ತೇನೆ, ನಾಲ್ಕು ಮಂದಿಯನ್ನು ಕರೆಯುತ್ತೇನೆ, ಕಡಿಯದೆ ನುಡಿದರೆ ನೌಕರಿ ನಿನ್ನದು ಎಂದ. ನುಡಿಯದಿದ್ದರೆ?

"ನುಡೀಲಿಲ್ಲಂದ್ರ ಮೈಕಿನ ಮುಂದ ನಿಂತು ನಾ ಕೆಪ್ಪಿ ಅದೀನಿ ಅಂತ ನಿನ್ನ ಬಾಯಿಲೇ ಹೇಳಿ ಹೋಗಬೇಕು."

ನಾನು ಅವಳ ಕೈ ಹಿಡಿದು ಎಳೆದೆ. ಅವಳು ಹೂಂ ಎಂದುಬಿಟ್ಟಳು.

ಅದರ ಮುಂದಿನ ದಿನಗಳಲ್ಲಿ ನಾನು ಅಟ್ಟದಲ್ಲಿ ಅವಳ ಪಕ್ಕದಲ್ಲೇ ಕೂತಿರುತ್ತಿದ್ದೆ. ತಿಳಿಯದಿದ್ದರೂ ಕೂತಿರುತ್ತಿದ್ದೆ, ಕೂತು ಕೂತು ತಿಳಿಯಿತು. ಆ ತಂತಿಗೆ ಅದರದೇ ಒಂದು ಗುಣವಿದೆ, ಇಂಪೀಡೆನ್ಸ್ ಅನ್ನುತ್ತಾರೆ, ಅದು ನೂರಾ ಹತ್ತು ಓಮ್. ತಳ್ಳುವ ಪೆಟ್ಟಿಗೆಯದೂ ಅಷ್ಟೇ ಇರಬೇಕು, ಆ ತುದಿಗೆ ತೆಗೆದುಕೊಳ್ಳುವ ಯಂತ್ರದ್ದೂ ಅಷ್ಟೇ ಇರಬೇಕು. ಸರಿದೂಗದಿದ್ದರೆ ಹೋದ ಅಂಕಿಯಲ್ಲಿ ಒಂದು ಪಾಲು ಪುಟಿದು ಹಿಂದಕ್ಕೆ ಬರುತ್ತದೆ. ಬಂದದ್ದು ಈ ತುದಿಗೆ ಬಡಿದು ಮತ್ತೆ ಹೋಗುತ್ತದೆ. ಅಷ್ಟರಲ್ಲಿ ಹೊಸ ಅಂಕಿಗಳು ಹೊರಟಿರುತ್ತವೆ. ಹಳೆಯದು ಹೊಸದರ ಮೇಲೆ ಏರಿ, ಯಾವುದು ಸೊನ್ನೆ ಯಾವುದು ಒಂದು ಎಂದು ಆ ತುದಿಗೆ ತಿಳಿಯದೆ ಹೋಗುತ್ತದೆ.

ಅವಳು ಅಷ್ಟು ಹೇಳಿದ್ದೇ ತಡ, ನನ್ನ ಕಣ್ಣ ಮುಂದೆ ಅಡ್ಡನೂಲು ಒಯ್ಯುವ ಲಾಳಿ ಬಂತು. ಲಾಳಿ ಮಗ್ಗದ ಈ ತುದಿಯ ಪೆಟ್ಟಿಗೆಯಿಂದ ಹೊಡೆಸಿಕೊಂಡು ಆ ತುದಿಯ ಪೆಟ್ಟಿಗೆಗೆ ಹೋಗಿ ನಿಲ್ಲಬೇಕು. ಅಲ್ಲಿ ಅದನ್ನು ಒತ್ತಿ ಹಿಡಿಯುವ ಪಟ್ಟಿ ಹದವಾಗಿರಬೇಕು. ಸಡಿಲವಿದ್ದರೆ ಲಾಳಿ ಬಡಿದು ಪುಟಿದು ವಾಪಸು ಬರುತ್ತದೆ. ನಾನು ಹುಡುಗನಿದ್ದಾಗ ಹಾಗೆ ಪುಟಿದ ಲಾಳಿಯೊಂದು ಹೊರಗೆ ಹಾರಿ ನನ್ನ ಪಕ್ಕದವನ ಮುಂದಿನ ಹಲ್ಲುಗಳನ್ನು ಉದುರಿಸಿತ್ತು. ಅಂದು ಸಂಜೆವರೆಗೆ ಅವನು ಬಾಯಿಗೆ ಅರಿವೆ ಕಟ್ಟಿಕೊಂಡು ಮಗ್ಗ ನಡೆಸಿದ. ಇದನ್ನು ಹೇಳಿದಾಗ ಮೊಮ್ಮಗಳು ನಕ್ಕು, ಹಂಗ ಐತಿ ಮುತ್ಯಾ, ಇಲ್ಲಿ ಹಲ್ಲಿನ ಬದಲಿ ಮಾತು ಉದರತಾವ ಎಂದಳು. ಪುಟಿದು ಬಂದದ್ದನ್ನು ಕಳಿಸಿದ ಪೆಟ್ಟಿಗೆಯೇ ಹಿಡಿದು ನಿಲ್ಲಿಸಿಬಿಟ್ಟರೆ ಆ ಜಗಳ ಅಲ್ಲಿಗೇ ಮುಗಿಯಿತು. ಅದಕ್ಕೇ ಕಳಿಸುವ ತುದಿ ಸರಿದೂಗಬೇಕು.

ಹಳೆಯ ಮೆಕ್ಯಾನಿಕ್ ಇದನ್ನೆಲ್ಲ ಗಣನೆಗೇ ತಂದಿರಲಿಲ್ಲ. ಜೋರು ಹೊಡೆದರೆ ದೂರ ಹೋಗುತ್ತದೆ ಎಂಬುದು ಅವನ ಲೆಕ್ಕ. ಅಂಕಿ ತಳ್ಳುವ ಐಸಿ ಚಿಪ್ಪನ್ನು ನೇರ ತಂತಿಗೆ ಕಟ್ಟಿದ್ದ. ಮೊಮ್ಮಗಳು ತನ್ನದೇ ಹೊಸ ಪೆಟ್ಟಿಗೆ ಕೂಡಿಸಿ, ಅದರ ಚಿಪ್ಪಿನಿಂದ ತಂತಿಗೆ ಹೋಗುವ ಎರಡೂ ಕಾಲಿಗೆ ಒಂದೊಂದು ಸಣ್ಣ ರೆಸಿಸ್ಟರ್ ಬೆಸೆದಳು. ಎಷ್ಟರದ್ದು ಎಂಬುದರಲ್ಲೇ ಎಲ್ಲ ಇತ್ತು. ಚಿಪ್ಪಿಗೆ ತನ್ನದೇ ಆದ ತಡೆ ಸ್ವಲ್ಪ ಇರುತ್ತದೆ. ಅದನ್ನು ಮರೆತು ಪೂರಾ ನೂರಾ ಹತ್ತು ತುಂಬಿದರೆ ಮತ್ತೆ ತಪ್ಪು. ಅದರದನ್ನು ಕಳೆದು ಉಳಿದಷ್ಟನ್ನೇ ತುಂಬಬೇಕು. ಅವಳು ತಂತಿಯ ಬದಲು ನೂರಾ ಹತ್ತರ ಹೊರೆಯೊಂದನ್ನು ಹಚ್ಚಿ, ತೆರೆಯ ಗೆರೆ ನೋಡುತ್ತ, ರೆಸಿಸ್ಟರ್ ಬದಲಿಸಿ ಬದಲಿಸಿ ಬೆಸೆದಳು. ಹೊರೆ ಇಲ್ಲದಾಗ ಗೆರೆ ಎಷ್ಟು ಎತ್ತರವೋ, ಹೊರೆ ಹಚ್ಚಿದಾಗ ಸರಿಯಾಗಿ ಅದರ ಅರ್ಧಕ್ಕೆ ಇಳಿಯಬೇಕು. ಗೆರೆ ಹಾಗೆ ಇಳಿದ ದಿನ ಮಧ್ಯಾಹ್ನ ನನ್ನ ಕೈ ಹಿಡಿದು ತೆರೆಯ ಮೇಲೆ ಇಟ್ಟಳು, ಬಸುರಿಯ ಹೊಟ್ಟೆಯ ಮೇಲೆ ಕೈ ಇಡಿಸಿದ ಹಾಗೆ.

ಪರೀಕ್ಷೆಯ ದಿನ ಬೆಳಿಗ್ಗೆಯೇ ಹೋದೆವು. ನನ್ನ ಮಗನೂ ಬಂದ. ಮಗ್ಗ ಆಳಿಲ್ಲದೆ ಖಾಲಿ ಬಿದ್ದಿದೆ, ಸೋತರೆ ಸಂಜೆಯಿಂದಲೇ ಅದರ ಮುಂದೆ ನಿಲ್ಲಿಸುತ್ತೇನೆ, ಕರೆದುಕೊಂಡು ಬರಲು ಯಾರಾದರೂ ಬೇಕಲ್ಲ ಎಂದು ತನ್ನ ತಾಯಿಗೆ ಹೇಳಿಯೇ ಬಂದಿದ್ದ. ಗೋದಾಮಿನ ಬಯಲಿನ ಒಂದು ತುದಿಗೆ ಮಿಕ್ಸರ್, ಇನ್ನೊಂದು ತುದಿಗೆ ಸ್ಪೀಕರ್, ನಡುವೆ ಬೇವಿನ ಮರ ಬಳಸಿ ಹೋದ ತಂತಿ. ಬೇವಿನ ಮರದ ಹತ್ತಿರ ಹಳೆಯ ಮೆಕ್ಯಾನಿಕ್ ಆ ತಂತಿಗೆ ಕವಲು ಕೂಡಿಸಿ, ಪಕ್ಕಕ್ಕಿಟ್ಟ ಇನ್ನೊಂದು ಸ್ಪೀಕರಿನ ಕಡೆಗೆ ಬೇರೆ ತಂತಿ ಎಳೆದಿದ್ದ. ಮೈಕಿನ ತಂತಿಗೆ ಹಾಗೆ ಮಾಡಿದರೆ ನಡೆಯುತ್ತದೆ. ಅಂಕಿ ಓಡುವ ತಂತಿಗೆ ಕವಲು ಕೂಡದು, ಕವಲಿನಲ್ಲಿ ಹೊಕ್ಕದ್ದೆಲ್ಲ ತುದಿ ಮುಟ್ಟಿ ಪುಟಿದು ಬರುತ್ತದೆ ಎಂದು ಮೊಮ್ಮಗಳು ಆ ಕವಲನ್ನು ಕತ್ತರಿಸಿ, ಮೂಲ ತಂತಿಗೆ ಟೇಪು ಸುತ್ತಿದಳು. ಕತ್ತರಿಸಿದ ಕವಲು ಅಲ್ಲೇ ನೆಲದ ಮೇಲೆ ಬಿದ್ದಿತ್ತು. ಅವಳು ಪೆಟ್ಟಿಗೆ ಜೋಡಿಸಲು ಮಿಕ್ಸರಿನ ಕಡೆಗೆ ಹೋದಳು.

ಮಾಲೀಕ ಕರೆಸಿದ ಮಂದಿ ಬಂದು ಕುರ್ಚಿ ಹಿಡಿದರು. ಅವನು ಜಾಣ. ಸನಾದಿಯ ರೆಕಾರ್ಡ್ ಹಚ್ಚಿಸಿದ. ಸನಾದಿಯ ದನಿ ಉಸಿರು ಬಿಡದೆ ಎಳೆಯುವಂಥದು, ಕೂದಲೆಳೆಯಷ್ಟು ಕಡಿದರೂ ಎದ್ದು ಕಾಣುತ್ತದೆ.

ದನಿ ಎದ್ದಿತು. ಮರುಗಳಿಗೆ ಟಿಕ್ ಎಂದಿತು. ಟಿಕ್ ಟಿಕ್. ಆಮೇಲೆ ಸುಮ್ಮನಾಯಿತು, ಮತ್ತೆ ಎದ್ದಿತು, ಮತ್ತೆ ಕಡಿಯಿತು. ತುಬಚಿಯಲ್ಲಿ ಆದದ್ದಕ್ಕಿಂತ ಕಡೆಯಾಗಿತ್ತು ಎಂದು ಅಲ್ಲಿದ್ದವರೇ ಹೇಳಿಕೊಂಡರು. ಮೊಮ್ಮಗಳು ನನ್ನ ಮುಖ ನೋಡಿದಳು. ದೂರದ ಸ್ಪೀಕರ್ ಅವಳ ಕಿವಿಗೆ ಮುಟ್ಟುವುದಿಲ್ಲ. ನಾನು ತುಟಿ ಅಲ್ಲಾಡಿಸಲಿಲ್ಲ. ಅಷ್ಟಕ್ಕೇ ಅವಳಿಗೆ ತಿಳಿಯಿತು.

ಮೆಕ್ಯಾನಿಕ್ ತೊಡೆ ತಟ್ಟಿಕೊಂಡ. ಇದ್ದ ಜೋರನ್ನೂ ಅರ್ಧ ಮಾಡಿದ ಶಾಣ್ಯಾಕಿ ಎಂದ. ಮಾಲೀಕ ಮೈಕನ್ನು ತಾನೇ ತಂದು ಅವಳ ಮುಂದೆ ನಿಲ್ಲಿಸಿ, ಅವಳ ಎತ್ತರಕ್ಕೆ ಇಳಿಸಿ, ದೊಡ್ಡದಾಗಿ ತುಟಿ ಆಡಿಸಿ ಹೇಳು ಎಂದ. ಮಂದಿ ಮೊಬೈಲ್ ತೆಗೆದರು. ಅವಳು ಹೇಳಿದಳು.

"ನಾ ಕೆಪ್ಪಿ ಅದೀನಿ."

ತಂತಿ ಅದನ್ನೂ ಪೂರ್ತಿ ಒಯ್ಯಲಿಲ್ಲ. ಸ್ಪೀಕರಿನಿಂದ "ನಾ ಕೆ" ಎಂದು ಬಂದು, ಟಿಕ್ ಎಂದು, "ದೀನಿ" ಎಂದಿತು. ಒಬ್ಬ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಇನ್ನೊಬ್ಬ, ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹೇಳಿಸ್ರಿ ಎಂದ. ಅವಳು ಇನ್ನೊಮ್ಮೆ ಹೇಳಿದಳು. ನನ್ನ ಮಗ ನೆಲ ನೋಡುತ್ತ ನಿಂತಿದ್ದ. ಅಲ್ಲಿದ್ದವರಿಗೆಲ್ಲ ಒಂದೇ ಸಲಕ್ಕೆ ಕಿವಿ ಹೋಗಲಿ ಎಂದು ಮನಸಾರೆ ಬೇಡಿಕೊಂಡೆ.

ಹೇಳಿ ಮುಗಿಸಿ ಅವಳು ಹೊರಡಲಿಲ್ಲ. ಹೇಳುವುದು ಹೇಳಿ ಆಯಿತು, ಈಗ ಒಂದು ಗಳಿಗೆ ನೋಡುತ್ತೇನೆ ಎಂದು, ಮನೆಯಿಂದ ತಂದಿದ್ದ ಆಸಿಲೋಸ್ಕೋಪನ್ನು ತಂತಿಗೆ ಹಚ್ಚಿ ಅದರ ಮುಂದೆ ಕೂತಳು. ಮಾಲೀಕನಿಗೆ ಆಟ ಇನ್ನಷ್ಟು ಬೇಕಿತ್ತು, ಬಿಟ್ಟ. ತೆರೆಯ ಮೇಲೆ ಗೆರೆ ಏರಿ, ಸಮನಾಗಿ ಹೋಗಬೇಕಾದಲ್ಲಿ ಒಂದು ಕಡೆ ಕುಸಿದಿತ್ತು. ಅಂಕಿ ಹೊರಟ ಮೇಲೆ ಎಷ್ಟು ಹೊತ್ತಿಗೆ ಆ ಕುಸಿತ ಬಂತು ಎಂದು ಅಳೆದಳು. ಹೋಗಿ ಬಂದ ಹೊತ್ತು ಅದು. ಅದರ ಅರ್ಧ ತೆಗೆದರೆ ಎಷ್ಟು ದೂರದಲ್ಲಿ ಪೆಟ್ಟು ಬಿದ್ದಿದೆ ಎಂದು ಸಿಗುತ್ತದೆ. ಅವಳು ಎದ್ದು ತಂತಿಯ ಗುಂಟ ನಡೆದಳು. ನಾನು ಹಿಂದೆ, ನನ್ನ ಹಿಂದೆ ಮಂದಿ, ಹೆಣದ ಹಿಂದೆ ಹೋದ ಹಾಗೆ. ಬೇವಿನ ಮರದ ಹತ್ತಿರ ನಿಂತು ಬಗ್ಗಿ, ಟೇಪು ಬಿಚ್ಚಿದಳು.

ಕತ್ತರಿಸಿದ ಕವಲು ಮತ್ತೆ ಕೂಡಿತ್ತು. ಎಳೆಎಳೆ ಬೇರೆ ಮಾಡಿ, ಹೆಬ್ಬೆರಳು ತೋರುಬೆರಳಲ್ಲಿ ಹೊಸೆದು, ತುದಿ ಮಡಚಿ ಒಳಗೆ ಅಡಗಿಸಿದ ಕೂಡಿಕೆ. ಗಂಟು ಕಾಣದ ಹಾಗೆ. ಮೆಕ್ಯಾನಿಕ್‌ಗಳು ಹಾಗೆ ಕೂಡಿಸುವುದಿಲ್ಲ. ಮಗ್ಗದ ಮೇಲೆ ಹಳೆಯ ಹಾಸಿನ ಉದ್ದೆಳೆಗೆ ಹೊಸ ಹಾಸಿನ ಎಳೆ ಹೊಸೆಯುವವರು ಮಾತ್ರ ಹಾಗೆ ಕೂಡಿಸುತ್ತಾರೆ. ನನಗೆ ಯಾರ ಕೈ ಎಂದು ತಿಳಿಯಿತು. ನಾನೇ ಕಲಿಸಿದ ಕೈ.

ನಮ್ಮಲ್ಲಿ ಒಂದು ರೂಢಿ ಇದೆ. ಯಾರ ಮನೆಯ ಮಗ್ಗವೇ ಇರಲಿ, ಎಳೆ ಹರಿದದ್ದು ಕಣ್ಣಿಗೆ ಬಿದ್ದರೆ ಕೂಡಿಸದೆ ದಾಟಿ ಹೋಗಬಾರದು. ಕೇಳಬೇಕಾಗಿಲ್ಲ, ಹೇಳಬೇಕಾಗಿಲ್ಲ. ವೈರಿಯ ಮಗ್ಗವಾದರೂ ನಿಂತು ಕೂಡಿಸಿ, ಆಮೇಲೆ ಬೈದು ಹೋಗಬೇಕು. ನನ್ನ ಮಗ ಬೇವಿನ ನೆರಳಿಗೆ ನಿಂತಾಗ ಕಡಿದ ತುದಿ ಕಾಲ ಬಳಿ ಕಂಡಿದೆ. ಟೇಪು ಬಿಚ್ಚಿ, ಕೂಡಿಸಿ, ಮತ್ತೆ ಟೇಪು ಸುತ್ತಿ, ಅವನ ಬೆರಳು ತಮ್ಮ ಕೆಲಸ ತಾವೇ ಮಾಡಿವೆ.

ಮೊಮ್ಮಗಳು ಆ ಕೂಡಿಕೆಯನ್ನು ಬೆರಳಲ್ಲಿ ಹಿಡಿದು ತಂದೆಯ ಕಡೆಗೆ ತಿರುಗಿದಳು.

"ಇದನ್ನ ನೀ ಮಾಡಿದ್ಯಾ?"

"ಹರದ ಬಿದ್ದಿತ್ತು," ಎಂದ ನನ್ನ ಮಗ. "ಹರದದ್ದು ಕಂಡ್ರ ಕೂಡಸೂದ ಅಲ್ಲೇನು?"

ಅವನು ಬೇಕೆಂದು ಮಾಡಲಿಲ್ಲ. ಅಲ್ಲಿದ್ದವರು ಹೊಟ್ಟೆಕಿಚ್ಚಿನಿಂದ ಮಾಡಿದ ಎಂದು ಆಡಿಕೊಂಡರು. ಕೆಡಿಸಬೇಕೆಂದು ಮಾಡುವವನು ಅಷ್ಟು ಚೆಂದ ಕೂಡಿಸುವುದಿಲ್ಲ. ಅವಳಿಗೂ ಅದು ತಿಳಿದಿತ್ತು. ತಿಳಿದೂ ಅವಳು ಕತ್ತರಿ ತೆಗೆದು, ಅವನ ಕಣ್ಣಲ್ಲಿ ಕಣ್ಣಿಟ್ಟು, ಅವನ ಕೂಡಿಕೆಯನ್ನು ಕತ್ತರಿಸಿದಳು. ಕವಲನ್ನು ಸುತ್ತಿ ಅವನ ಕೈಗೆ ಕೊಟ್ಟು ಹಿಡಿದುಕೊಂಡು ನಿಲ್ಲು ಎಂದಳು. ಅವನು ಹಿಡಿದುಕೊಂಡು ನಿಂತ. ಮಂದಿ ಈಗ ಅವನನ್ನು ನೋಡಿ ನಕ್ಕರು.

ಸನಾದಿ ಮತ್ತೆ ಹಚ್ಚಿದರು. ದನಿ ಎದ್ದಿತು, ಏರಿತು, ನಿಂತಿತು, ಎಳೆಯಿತು. ಕಡಿಯಲಿಲ್ಲ. ಮಾಲೀಕ ಇನ್ನೊಂದು ರೆಕಾರ್ಡ್ ಹಚ್ಚಿಸಿದ, ಕಡಿಯಲಿಲ್ಲ. ತಂತಿಯನ್ನು ಕಾಲಲ್ಲಿ ಒದ್ದು ನೋಡಿದ, ಕಡಿಯಲಿಲ್ಲ. ಮೊಮ್ಮಗಳು ದೂರದಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮಗ್ಗದ ಕೋಣೆಯಲ್ಲಿ ಮಾಡುವಂತೆ ಬಾಯಿ ಅಗಲಿಸಿ, ದನಿಯಿಲ್ಲದೆ, ಹೊಂಟೈತಿ, ಹೊಂಟೈತಿ ಎಂದೆ. ಹೇಳುತ್ತಲೇ ಇದ್ದೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅಂಗಿಯ ತೋಳಿನಿಂದ ಒರೆಸಿಕೊಂಡು ಮತ್ತೆ ಹೇಳಿದೆ.

ಮಾಲೀಕನ ನಾಲಿಗೆಗೆ ಯಾರಾದರೂ ಒಬ್ಬರು ಬೇಕು. ಅವಳು ತಪ್ಪಿಸಿಕೊಂಡಳು, ಮೆಕ್ಯಾನಿಕ್ ಸಿಕ್ಕಿಬಿದ್ದ. ಎಷ್ಟು ಕಾಲ ನನ್ನ ಅನ್ನ ತಿಂದು ಕವಲು ತಂತಿ ಎಳೆದೆಯೋ ಎಂದು ಅಷ್ಟೂ ಮಂದಿಯ ಮುಂದೆ ಅವನನ್ನು ಮೈಕಿನ ಮುಂದೆ ನಿಲ್ಲಿಸಿ, ಅದೇ ಮಾತನ್ನು ಅವನಿಂದ ಹೇಳಿಸಿದ. ಅವನಿಗೆ ಕೂದಲು ಬೆಳ್ಳಗಾಗಿದೆ. "ನಾ ಕೆಪ್ಪ ಅದೀನಿ" ಎಂದು ಅವನು ಹೇಳಿದ್ದು ಒಂದಕ್ಷರವೂ ಕಡಿಯದೆ ಬಯಲಿಗೆಲ್ಲ ಕೇಳಿಸಿತು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ತನ್ನ ಸಾಮಾನಿನ ಚೀಲ ತೆಗೆದುಕೊಂಡು, ಹಳೆಯ ಪೆಟ್ಟಿಗೆಯನ್ನೂ ಅದರಲ್ಲಿ ಹಾಕಲು ಹೋದಾಗ ಮೊಮ್ಮಗಳು ತಡೆದಳು.

"ಅದನ್ನ ಬಿಟ್ಟ ಹೋಗ್ರಿ ಕಾಕಾ. ಅದರಾಗಿನ ಚಿಪ್ಪು ಛಲೋ ಐತಿ, ಕೆಲಸಕ್ಕ ಬರತೈತಿ."

ಬಿಟ್ಟು ಹೋದ. ಸೋಮವಾರ ಬಾ ಎಂದು ಮಾಲೀಕ ಹೇಳಿದ್ದು ಅದಾದ ಮೇಲೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಕೆಪ್ಪಿ ಎಂದು ಹೇಳಿದ ವಿಡಿಯೋವೂ ಮುಟ್ಟಿತ್ತು. ಸನಾದಿ ಕಡಿಯದೆ ನುಡಿದದ್ದನ್ನು ಮಾತ್ರ ಯಾರೂ ಮೊಬೈಲಿನಲ್ಲಿ ಹಿಡಿದಿರಲಿಲ್ಲ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಒಂದು ಕೈಯಲ್ಲಿ ಮೊಬೈಲ್ ಹಿಡಿದು ನಗುತ್ತಲೇ, ಇನ್ನೊಂದು ಕೈಯಿಂದ ದೃಷ್ಟಿಯಾಗದಿರಲಿ ಎಂದು ಅವಳ ನೆಟಿಗೆ ತೆಗೆದರು. ತೆಗೆಯಲಿ. ನನ್ನ ಹೆಂಡತಿ ಹೂರಣ ರುಬ್ಬಿ ಹೋಳಿಗೆಗೆ ಕೂತಿದ್ದಳು. ಸೊಸೆ ಕಟ್ಟಿನ ಸಾರಿಗೆ ಒಗ್ಗರಣೆ ಹಾಕಿದಳು. ಮಗ್ಗ ಬಂದ್ ಮಾಡಿದೆವು.

ದೀಪ ಹಚ್ಚಿದ ಮೇಲೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತೆವು. ಮಗ ಕೈ ತೊಳೆದುಕೊಂಡು ಬಾಗಿಲಲ್ಲೇ ನಿಂತಿದ್ದ. ತಾಯಿ ಕರೆದ ಮೇಲೆ ಬಂದು ಮಗಳ ಎದುರಿನ ತಾಟಿಗೆ ಕೂತ. ಮುಖ ಎತ್ತಿ, ಅವಳಿಗೆ ಕಾಣುವ ಹಾಗೆ ತುಟಿ ತೆರೆದು, ಮೆಲ್ಲಗೆ ಹೇಳಿದ:

"ಮಗ್ಗಕ್ಕ ಬ್ಯಾರೆ ಆಳ ನೋಡತೀನಿ. ನೀ ಆ ಕಡೆ ಬರಬ್ಯಾಡ."

"ಬರತೀನಿ ಅಂತ ನಾ ಯಾವಾಗ ಅಂದಿದ್ದೆ?" ಎಂದಳು ಮೊಮ್ಮಗಳು. "ನೀ ಕೂಡಿಸಿದ್ದು ಭಾಳ ಚೆಂದ ಇತ್ತಪಾ. ಅದನ್ನ ಹುಡುಕೂ ಮೊದಲ ನಾ ಎರಡ ಸಲ ಕೆಪ್ಪಿ ಅನ್ನಬೇಕಾತು."

ಯಾರೂ ಮಗನ ಪರವಾಗಿ ಮಾತಾಡಲಿಲ್ಲ, ನಾನೂ ಆಡಲಿಲ್ಲ. ನನ್ನ ಎದೆಯಲ್ಲಿ ಅವನಿಗೆ ಜಾಗ ಇರಲಿಲ್ಲ, ಅಂದು ಅಲ್ಲೆಲ್ಲ ಅವಳೇ ತುಂಬಿದ್ದಳು. ನನ್ನ ಹೆಂಡತಿ ಬಿಸಿ ಹೋಳಿಗೆ ತಂದು ಮೊದಲು ಮೊಮ್ಮಗಳಿಗೆ, ಆಮೇಲೆ ನನಗೆ, ಸೊಸೆಗೆ, ಕಡೆಗೆ ಮಗನಿಗೆ ಹಾಕಿ ತುಪ್ಪ ಸುರಿದಳು. ಅವನು ಅದನ್ನು ಮುರಿದ, ಬಾಯಿಗೆ ಹಾಕಿಕೊಂಡ. ಮೊಮ್ಮಗಳು ಇನ್ನೊಂದು ಬೇಕು ಎಂದು ತಾಟು ಮುಂದೆ ಮಾಡಿದಳು. ನಾವೆಲ್ಲ ಉಂಡೆವು.